ತಾತನ ರಾಜನಿಷ್ಠೆ

"ಪಾಸ್‌ಪೋರ್ಟ್ ಒಂದನ್ನ ಬಿಟ್ಟು ಬೇರೇನು ಬೇಕಾದ್ರೂ ಕೇಳು ಪುಟ್ಟಿ," ಎಂದು ವಿಲ್ಬರ್ಟ್ ಹ್ಯಾಮಿಲ್ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು.

ಮೊಮ್ಮಗಳು ಆಯ್ಲ್ಸಾ ಕೇಳುತ್ತಿರುವುದು ಇದು ಮೂರನೆಯ ಭಾನುವಾರ. ಹಾಲೆಂಡಿನಲ್ಲಿ ಹಳೆಯ ಚರ್ಚ್ ಆರ್ಗನ್‌ಗಳನ್ನು ದುರಸ್ತಿ ಮಾಡುವ ಕಾರ್ಖಾನೆಯೊಂದು ಅವಳಿಗೆ ಕೆಲಸ ಕೊಟ್ಟಿತ್ತು. ಆದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ ಸ್ಕಾಟ್ಲೆಂಡಿನ ಹುಡುಗಿಗೆ ಆ ಬಾಗಿಲು ಮುಚ್ಚಿತ್ತು. ಉಳಿದದ್ದು ಒಂದೇ ದಾರಿ. ತಾತ ಐರ್ಲೆಂಡ್ ದ್ವೀಪದ ಯಾವ ಮೂಲೆಯಲ್ಲಿ ಹುಟ್ಟಿದ್ದರೂ ಸರಿ, ಮೊಮ್ಮಕ್ಕಳು ಒಕ್ಕೂಟದಲ್ಲೇ ಉಳಿದ ಐರ್ಲೆಂಡಿನ ಪೌರತ್ವವನ್ನೂ ಪಡೆಯಬಹುದು. ಅವಳ ತಾತ ಹುಟ್ಟಿದ್ದು ಬ್ರಿಟನ್ನಿನ ಕೈಯಲ್ಲೇ ಉಳಿದ ಉತ್ತರ ಭಾಗದ ಲಾರ್ನ್ ಊರಿನಲ್ಲಿ.

ತೊಡಕೆಂದರೆ ತಾತನೇ. ಐರ್ಲೆಂಡಿನ ಹೆಸರೆತ್ತಿದರೆ ಉರಿದುಬೀಳುವ, ಬ್ರಿಟನ್ ದೊರೆಯ ರಾಜನಿಷ್ಠ. ಪ್ರತಿ ಜುಲೈನಲ್ಲಿ ಕೊರಳಿಗೆ ಕಿತ್ತಳೆ ಪಟ್ಟಿ ಹಾಕಿ, ಡೋಲಿನ ಹಿಂದೆ ರಾಜನಿಷ್ಠರ ಸಂಘದ ಮೆರವಣಿಗೆಯಲ್ಲಿ ಹೋಗುವವರು. ಐರಿಶ್ ಬಣ್ಣವೆಂದು ಮನೆಯೊಳಗೆ ಹಸಿರನ್ನೇ ಬಿಟ್ಟುಕೊಂಡವರಲ್ಲ. ಅಂಗಳದ ಹುಲ್ಲನ್ನು ಸಹಿಸಿಕೊಂಡಿದ್ದರು, ಅಷ್ಟೇ. ಯುರೋಪ್ ಬಿಡುವ ಮತದಾನದ ಹೊತ್ತಿಗೆ ಮನೆಮನೆ ಹತ್ತಿಳಿದು ಪ್ರಚಾರ ಮಾಡಿದ್ದರು. ಈಗಲೂ ಚಳಿಗಾಲಕ್ಕೆ ಸ್ಪೇನಿಗೆ ಹೋಗುತ್ತಾರೆ. ಪಕ್ಕದ ಮನೆಯವರು ಹೊಸ ಗಡುವಿಗೆ ಗೊಣಗುತ್ತ ಮೂರು ತಿಂಗಳಿಗೇ ವಾಪಸಾದರೆ, ತಾತ ಐದು ತಿಂಗಳು ಬಿಸಿಲಿಗೆ ಮೈ ಕಾಯಿಸಿ, ಮೂಗು ಕೆಂಪಗೆ ಮಾಡಿಕೊಂಡು ಬಂದು, ಯುರೋಪನ್ನು ಬಯ್ಯುತ್ತಾರೆ.

ಇಂಥವರು ಜನನ ಪತ್ರವನ್ನು ಕೇಳಿದ ಕೂಡಲೇ ಕೊಟ್ಟದ್ದು ಆಯ್ಲ್ಸಾಗೇ ಅಚ್ಚರಿ. ಮದುವೆಯ ಪತ್ರವೂ ಸಿಕ್ಕಿತು. ಆದರೆ ಪೌರತ್ವ ಕೊಡುವ ಡಬ್ಲಿನ್ನಿನ ಕಚೇರಿಗೆ ತಾತನ ಚಾಲ್ತಿಯಲ್ಲಿರುವ ಗುರುತಿನ ದಾಖಲೆಯ, ವಕೀಲರು ಮುದ್ರೆ ಒತ್ತಿದ ನಕಲೂ ಬೇಕಿತ್ತು. ಕಣ್ಣು ಮಂಜಾಗಿ ಕಾರು ಓಡಿಸುವುದನ್ನೂ ಲೈಸೆನ್ಸನ್ನೂ ಬಿಟ್ಟವರ ಬಳಿ ಇದ್ದದ್ದು ಪಾಸ್‌ಪೋರ್ಟ್ ಮಾತ್ರ.

"ನನ್ನಿಂದ ನಿಮ್ಮ ಮಾನ ಹೋಗುತ್ತೆ ಅಂತಾನಾ ತಾತ?"

"ಹೋಗೋದು ಮಾನಾನೇ. ಸಂಘದೋರಿಗೆ ಗೊತ್ತಾದ್ರೆ ಬೀದೀಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

ಅರ್ಜಿ ಹಾಕಿದ ರಸೀದಿ ಶುಕ್ರವಾರದೊಳಗೆ ಕಾರ್ಖಾನೆಗೆ ತಲುಪದಿದ್ದರೆ ಕೆಲಸ ಇನ್ನೊಬ್ಬರ ಪಾಲಾಗುತ್ತದೆ ಎಂದು ಆಯ್ಲ್ಸಾ ಹೇಳಿದಳು. ಹೇಳುವಾಗ ಕಣ್ಣು ತುಂಬಿತು. ತಾತ ಬಹಳ ಹೊತ್ತು ಪತ್ರಿಕೆಯ ಒಂದೇ ಪುಟ ಓದಿದರು. ಆಮೇಲೆ ಮಹಡಿ ಹತ್ತಿ, ನಾಲ್ಕು ಸುತ್ತು ಟೇಪು ಸುತ್ತಿದ ಲಕೋಟೆಯೊಂದನ್ನು ತಂದರು. ವಕೀಲರ ಮೇಜಿನ ಮೇಲಲ್ಲದೆ ಬೇರೆಲ್ಲೂ ಬಿಚ್ಚಕೂಡದು, ಅಪ್ಪನಿಗೂ ತೋರಿಸಕೂಡದು ಎಂದರು.

"ನೋಡಿದ್ಮೇಲೆ ನನ್ನ ಏನೂ ಕೇಳಬೇಡ."

ಜೀವಮಾನದ ನಿಷ್ಠೆಯನ್ನು ಮುದುಕ ತನಗಾಗಿ ಬಲಿ ಕೊಟ್ಟರಲ್ಲ ಎಂದು ಅವಳು ಲಕೋಟೆಯನ್ನು ಎದೆಗವಚಿಕೊಂಡು ಹೊರಟಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ನಕಲಿಗೆ ಮುದ್ರೆ ಒತ್ತಬೇಕಾದ ವಕೀಲರು ಕತ್ತರಿ ಹುಡುಕಿ, ನಿಧಾನವಾಗಿ ಟೇಪು ಬಿಡಿಸಿದರು.

ಒಳಗಿದ್ದದ್ದು ಐರ್ಲೆಂಡಿನ ಪಾಸ್‌ಪೋರ್ಟ್; ಕೊಟ್ಟ ದಿನಾಂಕ, ಯುರೋಪ್ ಬಿಡುವ ಮತದಾನಕ್ಕೆ ಮೂರು ವಾರ ಮೊದಲಿನದು.