ಅಜ್ಜಿಯ ಮುಖ

ಮೊಮ್ಮಗಳು ಬರೆದ ತನ್ನ ಚಿತ್ರ ನೋಡಿ ಅಜ್ಜಿ ಉರಿದುಬಿದ್ದಳು. “ಇದು ಮೂಗೋ, ಮೆಣಸಿನಕಾಯೋ? ನಾನು ಹೀಗಿದ್ದೀನೇನೇ?”

ಮೊಮ್ಮಗಳಿಗೆ ರೋಷ ಉಕ್ಕಿತು. ಅಜ್ಜಿಯಿಂದಲೇ ಭೇಷ್ ಅನ್ನಿಸಿಕೊಳ್ಳಬೇಕೆಂದು ಬಣ್ಣದ ಡಬ್ಬಿಯನ್ನು ಅಟ್ಟಕ್ಕೆಸೆದು, ಬರೀ ಪೆನ್ಸಿಲ್ ಹಿಡಿದಳು. ಮಳೆಗಾಲವೆಲ್ಲ ಗೆರೆ ಎಳೆದಳು, ದುಂಡು ಸುತ್ತಿದಳು, ಕೊಡ ತಂಬಿಗೆಗಳ ನೆರಳು ತೀಡಿದಳು.

“ನಾನು ಸತ್ತ ಮೇಲೆ ಮೂಗಿಗೆ ಬರ್ತೀಯೇನೇ?” ಅಜ್ಜಿ ಸಿಡುಕಿದಳು.

“ಮೊದ್ಲು ಕೈ ಪಳಗ್ಲಿ, ಸುಮ್ನಿರಜ್ಜಿ!”

ಕೊನೆಗೊಂದು ದಿನ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಮುಖ ಬರೆದಳು. ಬಿಗಿದ ತುಟಿ, ಮೂಗಿನ ಡೊಂಕು, ಗಂಟಿಕ್ಕಿದ ಹುಬ್ಬು, ಒಂದು ಗೆರೆಯೂ ತಪ್ಪಿರಲಿಲ್ಲ. ಈಗೇನನ್ನುತ್ತಾಳೋ ನೋಡೋಣವೆಂದು ಮುಂದೆ ಹಿಡಿದಳು.

ಕನ್ನಡಕ ಏರಿಸಿ ನೋಡಿದ ಅಜ್ಜಿ ಕಾಗದವನ್ನು ಕಿತ್ತೆಸೆದಳು.

“ನನ್ನ ಬರಿ ಅಂದ್ರೆ, ಮದುವೆಯಾದಾಗಿಂದ ನನ್ನ ಗೋಳು ಹೊಯ್ಕೊಂಡ ಸೋದರತ್ತೇನ ಯಾಕೇ ಬರ್ದೆ?”