ಮುಸುಕಣ್ಣ

ಬೆಳಿಗ್ಗೆ ಸುದ್ದಿ ಬಂತು, ಸಂಜೆಯ ಹೊತ್ತಿಗೆ ಪೆಟ್ಟಿಗೆ ಬಂತು. ಸಂಶೋಧನಾ ಸಂಸ್ಥೆಯ ಹಳೆಯ ಕಟ್ಟಡದ ಚಾವಣಿ ಕುಸಿದು ತಂಗಿಯ ಮಗಳು ಅದರಡಿ ಸಿಕ್ಕಿ ತೀರಿಕೊಂಡಿದ್ದಳು. ತಾಯಿಯಿಲ್ಲದ ಆ ಕೂಸನ್ನು ಹೊಲಿಗೆ ಯಂತ್ರ ತುಳಿದು ಸಾಕಿದ್ದ ದೊಡ್ಡಮ್ಮ ಅಳಲಿಲ್ಲ. ಯಂತ್ರದ ಖಾನೆಯಿಂದ ಸ್ಕ್ರೂಡ್ರೈವರ್ ತಂದು ಪೆಟ್ಟಿಗೆಯ ಪಕ್ಕ ಕುಳಿತರು.

"ಬೇಡ ದೊಡ್ಡಮ್ಮ," ಎಂದ, ಪೆಟ್ಟಿಗೆಯ ಜೊತೆ ಬಂದವನು. ಅವನ ಅಂಗಿಯ ತುಂಬ ಗಾರೆಯ ಧೂಳು.

"ನೀನು ಯಾರಪ್ಪಾ?"

"ಅವಳ ಜೊತೆ ಕೆಲಸ ಮಾಡ್ತಿದ್ದೆ. ನನ್ನನ್ನ ಅವಳು..."

"ಮುಸುಕಣ್ಣ. ನೀನೇನಾ? ಊಟಕ್ಕೆ ಕೂತರೂ ನಿನ್ನ ಜಗಳದ ಸುದ್ದೀನೇ ಅವಳಿಗೆ."

ಆ ಜಗಳ ದೊಡ್ಡಮ್ಮನಿಗೆ ಬಾಯಿಪಾಠವಾಗಿತ್ತು. ಉರಿದು ಮುಗಿದ ದೊಡ್ಡ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿದು, ಕೊನೆಗೆ ಒಂದು ಬಿಂದುವಾಗಿ ಅಡಗುತ್ತದೆ. ಆ ಬಿಂದುವಿಗೆ ಕಪ್ಪುಕುಳಿಯ ಕತ್ತಲೆ ಯಾವಾಗಲೂ ಮುಸುಕು ಹಾಕಿರುತ್ತದೆ, ಹೊರಗಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ ಎಂಬುದು ಇವನ ವಾದ. ಕುಸಿಯುವ ಬಗೆ ಬೇರೆಯಾದರೆ ಮುಸುಕು ಬೀಳದೆಯೂ ಇರಬಹುದು, ಬಿಂದು ಬಟ್ಟಬಯಲಾಗಿ ಕಂಡೀತು ಎಂಬುದು ಅವಳ ಹಟ. "ದೇವರು ಮಾನ ಮುಚ್ಚದೆ ಬಿಡ್ತಾನೇನೇ?" ಎಂದು ದೊಡ್ಡಮ್ಮ ಗದರಿದರೆ, "ನೀನು ಹೊಲಿದದ್ದೇ ಎಷ್ಟೋ ಸಲ ಬಿಚ್ಚಿಕೊಳ್ಳುತ್ತೆ, ದೇವರದ್ದು ಬಿಚ್ಚಿಕೊಳ್ಳಬಾರದಾ?" ಎಂದು ನಗುತ್ತಿದ್ದಳು.

ದೊಡ್ಡಮ್ಮ ಮೊದಲ ಸ್ಕ್ರೂ ತಿರುಗಿಸಿದರು. "ಮುಖ ನೋಡದೆ, ನೆತ್ತಿ ಸವರದೆ ಹೇಗಪ್ಪಾ ಕಳಿಸಲಿ? ಒಂದೇ ಒಂದು ಸಲ."

"ಮುಖ ಅಂತ ಏನೂ..."

ದೊಡ್ಡಮ್ಮನ ಕೈ ನಿಂತಿತು. "ನೀನು ನೋಡಿದ್ಯಾ?"

"ಗುರುತು ಹಿಡಿಯೋಕೆ ಬೇರೆ ಯಾರೂ ಇರಲಿಲ್ಲ. ಬಟ್ಟೆ ಹೊದಿಸೋಕೂ ಮುಂಚೆ ಕರೆದ್ರು." ಅವನು ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕೂತ. "ಅವಳೇ ಗೆದ್ದಳು, ದೊಡ್ಡಮ್ಮ. ಇಷ್ಟು ವರ್ಷ ಮುಸುಕು ಇದ್ದೇ ಇರುತ್ತೆ ಅಂತ ವಾದಿಸಿದೆ. ಇರಲಿಲ್ಲ."

ದೊಡ್ಡಮ್ಮ ಅವನ ಮುಖವನ್ನೇ ಬಹಳ ಹೊತ್ತು ನೋಡಿದರು. ನೋಡಬೇಕಾದದ್ದೆಲ್ಲ ಅಲ್ಲೇ ಇತ್ತು. ಸಡಿಲಿಸಿದ ಸ್ಕ್ರೂವನ್ನು ಮತ್ತೆ ಬಿಗಿದರು. ಹೊದ್ದಿದ್ದ ಶಾಲು ತೆಗೆದು ಪೆಟ್ಟಿಗೆಯ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೀಡಿ, "ಇದೊಂದು ಸಲ ನೀನೇ ಗೆಲ್ಲಪ್ಪಾ, ಮುಸುಕಣ್ಣ," ಎಂದರು.

ಆಮೇಲೆ ಕೈ ಮುಗಿದರು.

"ದೇವರೇ, ನಿನ್ನ ಕಣ್ಣಿಗೆ ಯಾವ ಮುಸುಕು? ನಾನು ನೋಡಲಾರದ್ದನ್ನ ನೀನು ನೋಡು. ನೆತ್ತಿ ಎಲ್ಲಿದೆಯೋ ಹುಡುಕಿ ಸವರು. ನನ್ನ ಮಗೂಗೆ ಶಾಂತಿ ಕೊಡು."