ಪೇಷೆಂಟ್ ಬಾಯಿಂದಲೇ

ಥೈರಾಯ್ಡ್ ಗಡ್ಡೆ ತೆಗೆಸಿಕೊಂಡ ಮೇಲೆ ವಾರಿಜಾಳ ದನಿ ಹೋಯಿತು. ಮೂರು ಬೀದಿಗೆ ಕೇಳುವಂತೆ ಕೂಗಿ ಸೊಪ್ಪು ಮಾರುತ್ತಿದ್ದವಳ ಗಂಟಲಿನಿಂದ ಈಗ ಬರೀ ಉಸಿರು ಬರುತ್ತಿತ್ತು. ಗಂಡ ಮಾತ್ರ ಮೆತ್ತಗಾಗಿಬಿಟ್ಟಿದ್ದ. ಜಗಳವಿಲ್ಲ, ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ಮಾತ್ರೆ ತಾನೇ ಕೊಡುತ್ತಿದ್ದ. ದನಿ ಹೋದದ್ದೇ ಒಳ್ಳೆಯದಾಯಿತೇನೋ ಎಂದು ಅವಳಿಗೂ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದಳು. ಗಂಡ ಸ್ಪೀಕರ್ ಹಾಕಿದ.

“ಇನ್ನೊಂದು ಸಣ್ಣ ಆಪರೇಷನ್ ಮಾಡಿದ್ರೆ ದನಿ ವಾಪಸ್ ಬರಬಹುದು ಅಂತ ಡಾಕ್ಟ್ರು ಹೇಳಿದಾರೆ. ಬೇಕೋ ಬೇಡ್ವೋ, ಪೇಷೆಂಟ್ ಬಾಯಿಂದಲೇ ಕೇಳ್ಕೋಬೇಕು. ಕೊಡಿ ಅವರಿಗೆ.”

ಗಂಡ ಫೋನನ್ನು ಅವಳ ಬಾಯಿಗೆ ಹಿಡಿದ. ಕತ್ತಿನ ಗಾಯ ಬಿಗಿಯುವಂತೆ ಅವಳು “ಬೇಕು” ಎಂದು ಕೂಗಿದಳು.

“ಬರೀ ಗಾಳಿ ಬಂದಂಗಾಯ್ತು. ಏನಂದ್ರು?” ಎಂದಳು ನರ್ಸ್.

ಗಂಡ ಅವಳನ್ನೇ ನೋಡುತ್ತಾ ಹೇಳಿದ: “ಬೇಡ ಅಂತಿದಾಳೆ, ಸಿಸ್ಟರ್.”